ಹರಿತ ಮಾಡಬಾರದಿದ್ದ ಚಾಕು

ಮೊದಲಿಗೆ ಒಂದು ಕ್ಷಮೆ ಕೇಳಿಬಿಡುತ್ತೇನೆ. ನನ್ನ ಅಕ್ಷರ ಚೆನ್ನಾಗಿಲ್ಲ, ಕಾಗುಣಿತವೂ ಅಲ್ಲಲ್ಲಿ ತಪ್ಪಿದೆ. ಭಾಷಣದಲ್ಲಿ ಅಕ್ಷರ ಯಾರಿಗೆ ಕಾಣುತ್ತದೆ ಎಂದು ನೀವು ಕೇಳಬಹುದು. ಆದರೆ ಓದಿ ಮುಗಿಸಿದ ಮೇಲೆ ಈ ಎಂಟು ಹಾಳೆಗಳನ್ನು ಸಂಘದ ಕಡತಕ್ಕೆ ಕೊಡಬೇಕು ಎಂದು ಕಾರ್ಯದರ್ಶಿ ಮಂಜುನಾಥ್ ಸಾರ್ ಹೇಳಿದ್ದಾರೆ. ಮುಂದೆ ಯಾರಾದರೂ ತೆಗೆದು ನೋಡಿದರೆ, ಬರೆದವಳು ಐದನೇ ತರಗತಿಯವರೆಗೆ ಮಾತ್ರ ಓದಿದವಳು ಎಂದು ನೆನೆದು ಮನ್ನಿಸಬೇಕು. ಕೆಲವು ಸಾಲುಗಳನ್ನು ಹೊಡೆದು ಹಾಕಿದ್ದೇನೆ. ಅವನ್ನು ಓದಬಾರದು ಎಂದುಕೊಂಡಿದ್ದೇನೆ. ನೋಡೋಣ.

ಈಗ ಸರಿಯಾಗಿ ಶುರು ಮಾಡುತ್ತೇನೆ.

ಅಧ್ಯಕ್ಷರ ಕುರ್ಚಿಯಲ್ಲಿ ಕುಳಿತಿರುವ ಮಾನ್ಯ ಶ್ರೀ ಕೆಂಪಯ್ಯನವರೇ, ಮುಖ್ಯ ಅತಿಥಿಗಳಾದ ನಿವೃತ್ತ ಪೊಲೀಸ್ ಇನ್‌ಸ್ಪೆಕ್ಟರ್ ಶ್ರೀ ಶಿವಬಸಪ್ಪನವರೇ, ಕಾರ್ಯದರ್ಶಿಗಳೇ, ಮುಂದಿನ ಸೋಫಾದಲ್ಲಿ ಫ್ಯಾನಿನ ನೇರ ಕೆಳಗೆ ಕುಳಿತಿರುವ ಅಧ್ಯಕ್ಷರ ತಾಯಿ ಹನುಮಕ್ಕಜ್ಜಿಯವರೇ, ಕೊನೆಯ ಸಾಲಿನಲ್ಲಿ ಕಂಬದ ಮರೆಗೆ ಕುಳಿತಿರುವ ನಮ್ಮಪ್ಪನವರೇ, ಊಟದ ಹಾಲಿನ ಕಡೆಗೆ ಆಗಲೇ ಒಂದು ಕಣ್ಣಿಟ್ಟಿರುವ ಎಲ್ಲಾ ಸಭಿಕರೇ. ನಿಮಗೆಲ್ಲ ಕೈ ಮುಗಿಯುತ್ತೇನೆ.

ನಾನು ಈ ವೇದಿಕೆ ಹತ್ತಿದ್ದು ಒಂದು ಸ್ಟೀಲ್ ಡಬ್ಬಿ ತೆಗೆದುಕೊಂಡು ಇಳಿಯುವುದಕ್ಕೆ. ಸಂಘದ ಸ್ಮರಣ ಸಂಚಿಕೆಗೆ ನಾನು ಬರೆದ ಒಂದು ಪುಟ್ಟ ಕಥೆಗೆ ಸಮಾಧಾನಕರ ಬಹುಮಾನ ಬಂದಿದೆ. ಸಮಾಧಾನಕರ ಎಂದರೆ ಸಮಾಧಾನ ಮಾಡಿಕೋ ಎಂದು ಅರ್ಥವಂತೆ. ನನಗೆ ಸಮಾಧಾನ ಅಲ್ಲ, ಮೂರು ದಿನ ನಿದ್ದೆಯೇ ಬರಲಿಲ್ಲ. ಆಗ ಮಂಜುನಾಥ್ ಸಾರ್ ಹೇಳಿದರು, "ಕಲಾ, ಡಬ್ಬಿ ಇಸ್ಕೊಂಡು ಸುಮ್ನೆ ಇಳಿದುಬಿಡ್ಬೇಡಮ್ಮ. ಈ ಸಲ ಚಾಕು ವಿಷಯ ಚರ್ಚೆ ಇದೆ. ನಮ್ಮ ಏರಿಯಾದಲ್ಲಿ ನಿನಗಿಂತ ಚಾಕು ಗೊತ್ತಿರೋರು ಯಾರಿದಾರೆ? ಎರಡು ಮಾತು ಆಡು." ಎರಡು ಮಾತು ಎಂದವರು ಅವರು. ಎಂಟು ಹಾಳೆ ಮಾಡಿದವಳು ನಾನು.

ತಡವಾಗಿ ಬಂದವರಿಗಾಗಿ ವಿಷಯ ಹೇಳುತ್ತೇನೆ. ನಮ್ಮ ಸಂಘದಿಂದ ಸರ್ಕಾರಕ್ಕೆ ಒಂದು ಮನವಿ ಹೋಗಲಿದೆ. ಚಾಕು, ಮಚ್ಚುಗಳ ಮೇಲೆ ಕಾನೂನು ತನ್ನಿ ಎಂದು ಕೇಳುವ ಮನವಿ. ಅದರಲ್ಲಿ ನಾಲ್ಕು ಸಾಲುಗಳಿವೆ. ಒಂದು, ನಾಲ್ಕು ಇಂಚಿಗಿಂತ ಉದ್ದದ ಚಾಕು ಮನೆಯಲ್ಲಿದ್ದರೆ ಅದನ್ನು ನೋಂದಾಯಿಸಬೇಕು. ಎರಡು, ಅದನ್ನು ಹಿಡಿದು ಬೀದಿಯಲ್ಲಿ ಓಡಾಡಬಾರದು. ಮೂರು, ಹದಿನೆಂಟು ತುಂಬದವರಿಗೆ ಮಾರಬಾರದು. ನಾಲ್ಕು, ಸಾಣೆ ಹಿಡಿಯುವವರು ಬೀದಿ ಬೀದಿ ಸುತ್ತುವಂತಿಲ್ಲ. ಊಟಕ್ಕೆ ಮುಂಚೆ ಕೈ ಎತ್ತಿಸಿ ಎಣಿಸುತ್ತಾರೆ. ಹೆಚ್ಚು ಕೈ ಎದ್ದರೆ ಮನವಿ ಹೋಗುತ್ತದೆ.

ಸಭಿಕರೇ, ಆ ನಾಲ್ಕನೆಯ ಸಾಲು ಎಂದರೆ ಯಾರು? ನಾನೇ. ವಿಜಯನಗರದಿಂದ ಬ್ಯಾಡರಹಳ್ಳಿವರೆಗೆ ಬೀದಿ ಬೀದಿ ಸುತ್ತಿ ಸಾಣೆ ಹಿಡಿಯುವವಳು ಸದ್ಯಕ್ಕೆ ನಾನೊಬ್ಬಳೇ. ಹಿಂದೆ ನಮ್ಮಪ್ಪ ಮುರುಗೇಶ್ ಸುತ್ತುತ್ತಿದ್ದರು. ಅವರ ಮಂಡಿ ಸವೆದ ಮೇಲೆ ಅದೇ ಸೈಕಲ್ಲು, ಅದೇ ಸಾಣೆಕಲ್ಲು ನನಗೆ ಬಂತು. ಸೈಕಲ್ಲಿಗೆ ಸ್ಟ್ಯಾಂಡ್ ಹಾಕಿ ಪೆಡಲ್ ತುಳಿದರೆ ಮುಂದೆ ಕಲ್ಲು ತಿರುಗುತ್ತದೆ. ನಾನು ಎಲ್ಲಿಗೂ ಹೋಗದೆ ದಿನಕ್ಕೆ ಎಷ್ಟು ಕಿಲೋಮೀಟರ್ ತುಳಿಯುತ್ತೇನೋ ದೇವರಿಗೇ ಗೊತ್ತು.

ಇನ್‌ಸ್ಪೆಕ್ಟರ್ ಸಾಹೇಬರು ಈಗ ತಾನೇ ಮಾತಾಡುತ್ತಾ, ಚಾಕು ಇಟ್ಟುಕೊಂಡು ಬೀದಿಯಲ್ಲಿ ತಿರುಗುವವರ ಮೇಲೆ ಕಣ್ಣಿಡಬೇಕು ಎಂದರು. ನಾನು ಅಲ್ಲೇ ಕುರ್ಚಿಯಲ್ಲಿ ಸಣ್ಣಗಾಗಿ ಹೋದೆ. ಯಾಕೆಂದರೆ ನಾನು ಈ ಏರಿಯಾಕ್ಕೆ ಬರುವ ಯಾವ ಗುರುವಾರ ಬೇಕಾದರೂ ನನ್ನ ಸೈಕಲ್ಲಿನ ಡಬ್ಬ ತೆಗೆದು ನೋಡಿ, ಮೂವತ್ತು ನಲವತ್ತು ಚಾಕು ಇರುತ್ತವೆ. ಪಶ್ಚಿಮ ಬೆಂಗಳೂರಿನಲ್ಲಿ ನನ್ನಷ್ಟು ಆಯುಧ ಇಟ್ಟುಕೊಂಡು ತಿರುಗುವ ಹುಡುಗಿ ಇನ್ನೊಬ್ಬಳಿಲ್ಲ. ಒಂದು ಸಲ ಮಾಗಡಿ ರಸ್ತೆಯಲ್ಲಿ ಒಬ್ಬ ಪೊಲೀಸಿನವರು ನನ್ನನ್ನು ನಿಲ್ಲಿಸಿದರು. "ಏನಮ್ಮ ಇದು?" ಅಂದರು. "ಚಾಕು ಸಾರ್." "ಎಷ್ಟಿವೆ?" "ಎಣಿಸಿಲ್ಲ ಸಾರ್." ಅವರೇ ಎಣಿಸೋಕೆ ಶುರು ಮಾಡಿದರು. ಹತ್ತೊಂಬತ್ತರವರೆಗೆ ಎಣಿಸಿದರು. ಆಮೇಲೆ ನಿಲ್ಲಿಸಿ ಫೋನ್ ತೆಗೆದು ಮನೆಗೆ ಮಾಡಿದರು. "ಲೇ, ನಮ್ಮನೆ ಕತ್ತರಿ ಬಟ್ಟೆ ಜಗಿಯತ್ತೆ ಅಂತಿದ್ಯಲ್ಲ, ಎಲ್ಲಿಟ್ಟಿದೀಯ?"

ಸಭಿಕರೇ, ನಿಮ್ಮ ಭಯ ಸುಳ್ಳು ಎಂದು ಹೇಳುವುದಕ್ಕೆ ನಾನು ಬಂದಿಲ್ಲ. ಭಯ ನಿಜ. ಮಾರ್ಕೆಟ್ ರಸ್ತೆಯಲ್ಲಿ ಹುಡುಗರು ಹುಟ್ಟುಹಬ್ಬದ ಕೇಕನ್ನು ಲಾಂಗಿನಲ್ಲಿ ಕತ್ತರಿಸಿ ಫೋನಿನಲ್ಲಿ ಹಾಕಿಕೊಂಡಿದ್ದು ನಿಜ. ಕೇಕು ಎಂದರೆ ಎಷ್ಟು ಮೆತ್ತಗಿರುತ್ತದೆ? ಅದಕ್ಕೆ ಎರಡು ಅಡಿ ಕಬ್ಬಿಣ ಯಾಕೆ? ಹೋದ ವರ್ಷ ಒಬ್ಬ ಗೋಣಿಚೀಲದಲ್ಲಿ ಸುತ್ತಿಕೊಂಡು ಅಂಥದ್ದನ್ನೇ ನನ್ನ ಹತ್ತಿರ ತಂದ. ಅವನ ಜೊತೆಗೆ ಇನ್ನೊಬ್ಬ.

"ಅಕ್ಕಾ, ಸ್ವಲ್ಪ ಸಾಣೆ ಹಾಕ್ಕೊಡಿ."

"ಏನಕ್ಕೆ?"

"ತೆಂಗಿನಕಾಯಿ ಕೀಳೋಕೆ ಅಕ್ಕಾ."

"ಎಲ್ಲಿದೆ ಮರ?"

"ಊರಲ್ಲಿ."

"ಯಾವ ಊರು?"

ಅವನು ಯೋಚಿಸಿದ. ಜೊತೆಯವನನ್ನು ನೋಡಿದ. ಜೊತೆಯವನು, "ಮಚ್ಚಾ, ಯಾವ್ದಾದ್ರೂ ಒಂದು ಹೇಳೋ" ಅಂದ. ನಾನು, "ಊರು ನೆನಪಾದ್ಮೇಲೆ ಬನ್ನಿ, ಆಗ ಹಾಕ್ಕೊಡ್ತೀನಿ" ಅಂದೆ. ಇನ್ನೂ ನೆನಪಾಗಿಲ್ಲ ಅಂತ ಕಾಣತ್ತೆ, ಬಂದಿಲ್ಲ.

ನಾನು ಕೇಳುವುದು ಇಷ್ಟೇ. ಬೀದಿಯಲ್ಲಿ ನಾನಿಲ್ಲದಿದ್ದರೆ ಅವನನ್ನು ಯಾವ ಊರು ಎಂದು ಯಾರು ಕೇಳುತ್ತಿದ್ದರು? ಒಂದು ಸಾಣೆ ಯಂತ್ರ ಕೊಂಡು ಮನೆಯೊಳಗೆ ಬಾಗಿಲು ಹಾಕಿಕೊಂಡರೆ ಯಾವ ಯಂತ್ರ ಕೇಳುತ್ತದೆ? ಚಾಕು ಕೈಗೆ ತೆಗೆದುಕೊಂಡರೆ ನನಗೆ ಅದು ಏನು ಕತ್ತರಿಸಿದೆ ಎಂದು ಗೊತ್ತಾಗುತ್ತದೆ. ಇನ್‌ಸ್ಪೆಕ್ಟರ್ ಸಾಹೇಬರ ಮನೆಯ ಈಳಿಗೆಮಣೆ ವಾರಕ್ಕೆ ನಾಲ್ಕು ದಿನ ಬದನೆಕಾಯಿ ಹೆಚ್ಚುತ್ತದೆ. ಕಾರ್ಯದರ್ಶಿಗಳ ಮನೆಯಲ್ಲಿ ಹಲಸಿನಹಣ್ಣಿಗೆಂದೇ ಹದಿನೇಳು ಇಂಚಿನದೊಂದು ಇದೆ. ಅಯ್ಯೋ, ಹೆಸರು ಹೇಳಬಾರದು ಎಂದುಕೊಂಡಿದ್ದೆ. ಸಾರ್, ಅದನ್ನು ನೋಂದಾಯಿಸುವಾಗ ನಾನೇ ಜೊತೆಗೆ ಬರುತ್ತೇನೆ.

ಇಲ್ಲಿಗೆ ನನ್ನ ಭಾಷಣ ಮುಗಿಯಬೇಕಿತ್ತು. ಮೂರನೇ ಹಾಳೆಯಲ್ಲಿ ಮುಗಿದೂ ಇತ್ತು. ಆದರೆ ಹೋದ ಗುರುವಾರದಿಂದ ಇವತ್ತಿನವರೆಗೆ ಇನ್ನೂ ಐದು ಹಾಳೆ ಬರೆದೆ. ಯಾಕೆ ಬರೆದೆ ಎಂದರೆ, ಈ ಮನವಿ ಹುಟ್ಟಿದ್ದು ಕೇಕಿನಿಂದಲ್ಲ. ನಿಮಗೆಲ್ಲ ಗೊತ್ತು. ಇದು ಹುಟ್ಟಿದ್ದು ಒಂದು ಮದುವೆಯಿಂದ. ಅಧ್ಯಕ್ಷರು ತಮ್ಮ ಭಾಷಣದಲ್ಲಿ ಅದನ್ನು ಹೇಳುವಾಗ ಕನ್ನಡಕ ತೆಗೆದು ಒರೆಸಿಕೊಂಡರು. "ಚಾಕು ತಾನಾಗೇ ಹರಿತ ಆಗಲ್ಲ. ಹೊಟ್ಟೆಕಿಚ್ಚು ಇರೋರು ಮಾಡಿದ್ರೆ ಆಗತ್ತೆ" ಎಂದರು. ಅದರಲ್ಲಿ ಮೊದಲನೆಯ ಮಾತು ಸರಿ ಅಧ್ಯಕ್ಷರೇ. ಎರಡನೆಯದು ತಪ್ಪು. ಹೇಗೆ ಗೊತ್ತು ಎಂದರೆ, ಹೇಳುತ್ತೇನೆ. ಸ್ವಲ್ಪ ನೀರು ಕುಡಿಯುತ್ತೇನೆ.

ಫೆಬ್ರವರಿಯಲ್ಲಿ ಅಧ್ಯಕ್ಷರ ಹಿರಿಯ ಮಗ ಗೌತಮ್ ಅವರ ಮದುವೆ ಆಯಿತು. ಇದೇ ಮಂಟಪದಲ್ಲಿ. ನಾನು ನಿಂತಿರುವ ಈ ಜಾಗದಲ್ಲೇ ಧಾರೆ ನಡೆದದ್ದು. ಅವರ ಮನೆತನದಲ್ಲಿ ಮದುವೆ ಗಂಡು ಕೈಯಲ್ಲಿ ಒಂದು ಚಾಕು ಹಿಡಿಯಬೇಕು, ಅದರ ತುದಿಗೆ ನಿಂಬೆಹಣ್ಣು ಚುಚ್ಚಿರಬೇಕು. ದೃಷ್ಟಿಯಾಗದಿರಲಿ ಎಂದು. ಆ ಚಾಕು ತುಂಬಾ ಹಳೆಯದು, ಹಿತ್ತಾಳೆ ಹಿಡಿಯದು. ಅಧ್ಯಕ್ಷರೂ ಅದನ್ನೇ ಹಿಡಿದು ಮದುವೆಯಾದವರು. ತಲೆತಲಾಂತರದಿಂದ ಅದನ್ನು ಯಾರೂ ಮಸೆದಿಲ್ಲ, ಮಸೆಯಲೂ ಬಾರದು. ಅದು ಬ್ಯಾಡರಹಳ್ಳಿಯಲ್ಲಿ ಅಧ್ಯಕ್ಷರ ತಮ್ಮ ಹೊನ್ನಗಂಗಯ್ಯನವರ ಮನೆಯಲ್ಲಿ, ದೇವರ ಗೂಡಿನಲ್ಲಿ ಇರುತ್ತಿತ್ತು. ಮದುವೆ ಬಂದಾಗ ಮಾತ್ರ ಆಚೆಗೆ ಬರುತ್ತಿತ್ತು.

ಚಪ್ಪರದ ದಿನ ಬೆಳಿಗ್ಗೆ ಹೊನ್ನಗಂಗಯ್ಯನವರು ಚಾಕು ತಂದರು. ಅಧ್ಯಕ್ಷರು ಗೇಟಿನ ಹತ್ತಿರ ವಾಲಗದವರ ಜೊತೆ ಫೋನಿನಲ್ಲಿ ಜಗಳ ಆಡುತ್ತಿದ್ದರಂತೆ. ಈಗ ಕೇಳಿ, ಚಾಕುವನ್ನು ನಾವು ಕೈಯಿಂದ ಕೈಗೆ ಕೊಡುತ್ತೇವೆಯೇ? ಕೊಡುವುದಿಲ್ಲ. ಕೊಟ್ಟರೆ ಇಬ್ಬರ ಮಧ್ಯೆ ಜಗಳ ಬರುತ್ತದೆ, ಸಂಬಂಧ ಕಡಿಯುತ್ತದೆ. ಕೆಳಗಿಡುತ್ತೇವೆ, ಬೇಕಾದವರು ಎತ್ತಿಕೊಳ್ಳುತ್ತಾರೆ. ಹೊನ್ನಗಂಗಯ್ಯನವರೂ ಹಾಗೇ ಮಾಡಿದರು. ಅಣ್ಣನ ಜೊತೆ ಎಂದೂ ಜಗಳ ಬರಬಾರದು ಎಂದು ಕಾಂಪೌಂಡ್ ಗೋಡೆಯ ಮೇಲೆ ಇಟ್ಟು, "ಅಣ್ಣಾ, ಇಲ್ಲಿಟ್ಟಿದೀನಿ, ತಗೋ" ಎಂದು ಹೇಳಿ ಚಪ್ಪರದ ಕಡೆ ಹೋದರು. ಅಧ್ಯಕ್ಷರು ಫೋನಿನಲ್ಲೇ ತಲೆ ಆಡಿಸಿದರು.

ಅದೇ ಗೋಡೆಯ ಮೇಲೆ ಅಡುಗೆಮನೆಯ ಒಂಬತ್ತು ಚಾಕು, ಬಾಳೆಕಂದು ಕಡಿಯುವ ಒಂದು ಮಚ್ಚು ಸಾಲಾಗಿ ಇದ್ದವು. ಅವು ಸಾಣೆಗೆ ಇಟ್ಟಿದ್ದು. ಎರಡೇ ನಿಮಿಷಕ್ಕೆ ನಾನು ಸೈಕಲ್ ತಳ್ಳಿಕೊಂಡು ಹೋದೆ. ಹನುಮಕ್ಕಜ್ಜಿ ಒಳಗಿನಿಂದಲೇ ಕೂಗಿದರು, "ಬಂದ್ಯೇನವ್ವಾ? ಗೋಡೆ ಮೇಲಿರೋವೆಲ್ಲಾ ತಗೊಂಡೋಗು, ಸಂಜೆವೊಳ್ಗೆ ತಂದ್ಬುಡು!"

ಗೋಡೆಯ ಮೇಲಿದ್ದ ಎಲ್ಲವನ್ನೂ ತೆಗೆದುಕೊಂಡು ಹೋದೆ ಸಭಿಕರೇ.

ಹೌದು. ನಾನೇ.

ಆ ಚಾಕುವನ್ನು ಮಸೆದವರು ಹೊನ್ನಗಂಗಯ್ಯನವರಲ್ಲ. ಹೊಟ್ಟೆಕಿಚ್ಚೂ ಅಲ್ಲ. ಹೆಗ್ಗನಹಳ್ಳಿಯ ಮುರುಗೇಶ್ ಮಗಳು ಕಲಾ. ಕಪ್ಪಗಾಗಿ ಬಿದ್ದಿದ್ದ ಅದನ್ನು ನೋಡಿ ನನಗೆ ಅಯ್ಯೋ ಅನಿಸಿತು. ಮನೆ ತುಂಬ ಜನ ಇದ್ದಾರೆ, ಇದೊಂದನ್ನು ಯಾರೂ ನೋಡಿಕೊಂಡಿಲ್ಲವಲ್ಲ ಎಂದು ಮಿಕ್ಕ ಒಂಬತ್ತು ಚಾಕುಗಳಿಗೆ ಹಿಡಿದಷ್ಟೇ ಹೊತ್ತು ಅದೊಂದಕ್ಕೇ ಹಿಡಿದೆ. ನನ್ನ ಹನ್ನೊಂದು ವರ್ಷದ ಕೆಲಸದಲ್ಲಿ ಯಾವ ಚಾಕುವಿಗೂ ಅಂಥ ಅಂಚು ಬಂದಿರಲಿಲ್ಲ. ಕಾಗದದ ಮೇಲೆ ಇಟ್ಟರೆ ಕಾಗದ ತಾನಾಗಿಯೇ ಎರಡಾಗುತ್ತಿತ್ತು. ಇದನ್ನು ಹೇಳುವಾಗ ನನ್ನ ಮುಖದಲ್ಲಿ ಹೆಮ್ಮೆ ಕಾಣಬಾರದು ಎಂದು ಕನ್ನಡಿ ಮುಂದೆ ಅಭ್ಯಾಸ ಮಾಡಿ ಬಂದಿದ್ದೇನೆ. ಕಂಡಿದ್ದರೆ ಕ್ಷಮಿಸಿ.

ಸಂಜೆ ಕಟ್ಟು ಕೊಟ್ಟು ಬಂದೆ. ಕತ್ತಲಲ್ಲಿ ಅಜ್ಜಿ, "ಇದ್ಯಾಕೆ ಇದ್ರೊಳಗೆ ಬಂತು?" ಎಂದು ಮದುವೆ ಚಾಕುವನ್ನು ಎತ್ತಿ ಪೂಜೆ ಸಾಮಾನಿನ ಜೊತೆ ಇಟ್ಟರಂತೆ. ಯಾರೋ ಆಮೇಲೆ ಕಟ್ಟಿನ ಜೊತೆ ಇಟ್ಟಿರಬೇಕು ಎಂದುಕೊಂಡು ಅಂಚು ಮುಟ್ಟಿ ನೋಡಲಿಲ್ಲ. ಅದಕ್ಕೆ ಅಂಚು ಇದೆ ಎಂದು ಯಾರು ತಾನೇ ಅಂದುಕೊಳ್ಳುತ್ತಾರೆ?

ಮಾರನೆಯ ದಿನ ಮದುವೆಗೆ ನಾನೂ ಬಂದಿದ್ದೆ. ಅಜ್ಜಿ ಕರೆದಿದ್ದರು. ಹಿಂದೆ, ಈಗ ನಮ್ಮಪ್ಪ ಕುಳಿತಿರುವ ಕಂಬದ ಹತ್ತಿರ ನಿಂತಿದ್ದೆ. ಗೌತಮ್ ಅವರು ಪೇಟ ಸರಿ ಮಾಡಿಕೊಳ್ಳಲು ಕೈ ಎತ್ತಿದರು. ವಿಡಿಯೋದವರ ದೀಪ ಬಿತ್ತು. ಚಾಕು ಮಿಂಚಿತು. ನನ್ನ ಕೆಲಸ ನನಗೆ ಎಷ್ಟು ದೂರದಿಂದಲೂ ಗೊತ್ತಾಗುತ್ತದೆ. ಅಯ್ಯೋ ದೇವರೇ ಎನ್ನುವಷ್ಟರಲ್ಲಿ ನಿಂಬೆಹಣ್ಣು ಸುಮ್ಮನೆ ಜಾರುತ್ತಾ ಜಾರುತ್ತಾ ಎರಡು ಹೋಳಾಯಿತು. ಒಂದು ಹೋಳು ಮದುಮಗಳು ಸ್ಪಂದನ ಅವರ ಮಡಿಲಿಗೆ ಬಿತ್ತು, ಇನ್ನೊಂದು ಪುರೋಹಿತರ ಪಂಚಪಾತ್ರೆಗೆ ಬಿತ್ತು. ಬೆಚ್ಚಿದ ಗೌತಮ್ ಕೈ ಕೊಡವಿದರು. ಬಾಸಿಂಗದ ದಾರ ಕತ್ತರಿಸಿಕೊಂಡು ಬಾಸಿಂಗ ಮೂಗಿನ ಮೇಲೆ ಇಳಿಯಿತು. ಹೆಬ್ಬೆರಳಿನಲ್ಲಿ ಸಾಸಿವೆಯಷ್ಟು ರಕ್ತ.

ಹೆಂಗಸರೆಲ್ಲ ಅಯ್ಯಯ್ಯೋ ಎಂದರು. ವಾಲಗದವರು ಏನಾಯಿತೋ ಎಂದು ತಿಳಿಯದೆ ಇನ್ನೂ ಜೋರಾಗಿ ಊದಿದರು. ಅಧ್ಯಕ್ಷರು ಕೂಗಿದರು, "ಯಾವನ್ಲಾ ಇದನ್ನ ಮಸೆದಿದ್ದು?" ಆಮೇಲೆ ತಮ್ಮನ ಕಡೆ ತಿರುಗಿದರು. "ಅಪ್ಪನ ಕಾಲ್ದಿಂದ ನಿನ್ ಮನೇಲಿತ್ತು. ಒಂದಿನ ಹರಿತ ಇರ್ಲಿಲ್ಲ. ನನ್ ಮಗನ ಮದ್ವೆಗೇ ಬೇಕಿತ್ತೇನೋ?" ಹೊನ್ನಗಂಗಯ್ಯನವರು ಎರಡೇ ಮಾತು ಆಡಿದರು. "ಅಣ್ಣಾ, ನಾನು ಮುಟ್ಟಿಲ್ಲ. ಅಪ್ಪನಾಣೆ." ಅವರು ತಲೆಗೆ ಕಟ್ಟಿಸಿಕೊಂಡಿದ್ದ ಪೇಟ ಬಿಚ್ಚಿ ಕುರ್ಚಿಯ ಮೇಲಿಟ್ಟು ಊಟ ಮಾಡದೆ ಹೋದರು.

ನಾನು ಆಗಲೇ ಮುಂದೆ ಬಂದು ಹೇಳಬೇಕಿತ್ತು. ಹೇಳಿದೆನೇ? ಇಲ್ಲ. ಎಲೆಯಲ್ಲಿ ಬಡಿಸಿದ್ದ ಹೋಳಿಗೆ ಬಿಟ್ಟು ಹಿಂದಿನ ಬಾಗಿಲಿನಿಂದ ಓಡಿದೆ. ಅಣ್ಣತಮ್ಮಂದಿರು ಒಂಬತ್ತು ತಿಂಗಳಿಂದ ಮಾತಾಡಿಲ್ಲ. ಆಯುಧಪೂಜೆಗೆ ಆ ಮನೆಯಲ್ಲಿ ಕಾರಿಗೆ, ಮಿಕ್ಸಿಗೆ ಎಲ್ಲಕ್ಕೂ ಕುಂಕುಮ ಇಟ್ಟರು, ಒಂದೇ ಒಂದು ಚಾಕುವಿಗೂ ಇಡಲಿಲ್ಲ. ಅಷ್ಟಕ್ಕೆಲ್ಲ ಕಾರಣ ನಾನು. ಗೋಡೆಯ ಮೇಲೆ ಸರಿಯಾಗಿ ಇಟ್ಟವರದು ತಪ್ಪಲ್ಲ. ಅದನ್ನು ಎತ್ತಿಕೊಂಡು ಹೋಗಿ, ಆಮೇಲೆ ಬಾಯಿ ಮುಚ್ಚಿಕೊಂಡು ಇದ್ದವಳದು ತಪ್ಪು.

ನೀವು ಕೇಳಬಹುದು, ಅಷ್ಟೆಲ್ಲ ಒಳಮನೆಯ ಸುದ್ದಿ ನಿನಗೆ ಹೇಗೆ ಗೊತ್ತು ಎಂದು. ನನಗೆ ಹೇಳಿದ್ದು ಅಧ್ಯಕ್ಷರ ಕಿರಿಯ ಮಗ ಜೀವನ್. ಜೀವನ್ ಸಾರ್. ಹಾರ್ಡ್‌ವೇರ್ ಅಂಗಡಿ ನೋಡಿಕೊಳ್ಳುತ್ತಾರಲ್ಲ, ಅವರು. ಮದುವೆಯಾದ ಮರುವಾರ ಅಧ್ಯಕ್ಷರು ಆ ಚಾಕುವನ್ನು ಮನೆಯಿಂದ ಆಚೆ ಬಿಸಾಡಿದಾಗ ಅಜ್ಜಿ, "ಎತ್ತಿಡ್ಲಾ ಮೊಗಾ, ನಾಳೆ ನಿನ್ನ ಮದ್ವೆಗೆ ಬೇಕಾಯ್ತದೆ" ಎಂದು ಜೀವನ್ ಸಾರ್ ಕೈಯಲ್ಲಿ ಎತ್ತಿಸಿಟ್ಟಿದ್ದರು. ಅವರು ಅಂಚು ನೋಡಿದ ಕೂಡಲೇ ಇದು ಯಾರ ಕೆಲಸ ಎಂದು ತಿಳಿದುಕೊಂಡರು. ಒಂದು ಗುರುವಾರ ನನ್ನ ಸೈಕಲ್ ಹತ್ತಿರ ಬಂದರು. ನಾನು ಹೆದರಿ ಪೆಡಲ್ ನಿಲ್ಲಿಸಿದೆ. ಅವರು ಬೈಯಲಿಲ್ಲ. ಚಾಕುವನ್ನು ಪಕ್ಕದ ಮೋಟುಗೋಡೆಯ ಮೇಲಿಟ್ಟರು.

ಇಲ್ಲಿ ಒಂದು ವಿಷಯ ಹೇಳಬೇಕು. ಸಾಣೆಯವರಿಗೆ ಯಾರೂ ಚಾಕುವನ್ನು ಕೆಳಗಿಟ್ಟು ಕೊಡುವುದಿಲ್ಲ. ಕೈಗೇ ಕೊಡುತ್ತಾರೆ. ನಮ್ಮ ಜೊತೆ ಜಗಳ ಬಂದರೆ ಯಾರಿಗೇನು ನಷ್ಟ? ನಾವೂ ಹಿಡಿಯನ್ನು ಅವರ ಕಡೆ ತಿರುಗಿಸಿ ಕೈಗೇ ಕೊಡುತ್ತೇವೆ. ಹನ್ನೊಂದು ವರ್ಷದಲ್ಲಿ ನನಗೆಂದು ಚಾಕುವನ್ನು ಕೆಳಗಿಟ್ಟವರು ಇವರೊಬ್ಬರೇ.

"ಕೈಗೇ ಕೊಡಿ ಸಾರ್, ನಾವು ಸಾಣೆಯವ್ರು" ಅಂದೆ.

"ಬೇಡಪ್ಪ, ಜಗಳ ಆಗತ್ತೆ."

"ನಮ್ಮಿಬ್ರಿಗೆ ಎಂಥಾ ಜಗಳ ಸಾರ್?"

"ಅದಕ್ಕೇ ಮತ್ತೆ. ಆಗ್ಬಾರ್ದು."

ಈ ನಾಲ್ಕು ಸಾಲನ್ನು ಹೊಡೆದು ಹಾಕಿದ್ದೆ. ಓದಿಬಿಟ್ಟೆ. ಹೋಗಲಿ.

ಅವರು ಕೇಳಿದ್ದು ಇಷ್ಟೇ, ಈ ಚಾಕುವನ್ನು ಮೊದಲಿನ ಹಾಗೆ ಮೊಂಡು ಮಾಡಿಕೊಡಬೇಕು. ನಾನು ಹೇಳಿದೆ, ಹರಿತ ಮಾಡೋದು ಸುಲಭ ಸಾರ್, ಮೊಂಡು ಮಾಡೋದು ಕಷ್ಟ, ಅವಸರ ಮಾಡಿದರೆ ಅಲಗು ಹಾಳಾಗತ್ತೆ, ವಾರಕ್ಕೆ ಇಷ್ಟಿಷ್ಟೇ ಮಾಡಬೇಕು. ಅವರು, "ಪರ್ವಾಗಿಲ್ಲ, ನಿಧಾನ ಆಗ್ಲಿ" ಎಂದರು. ಹೀಗೆ ಪ್ರತಿ ಗುರುವಾರ ಬಂದರು. ಒಟ್ಟು ಮೂವತ್ತೊಂದು ಗುರುವಾರ. ಮಾರ್ಚಿನಲ್ಲಿ ನನ್ನನ್ನು ನೀವು ಎನ್ನುತ್ತಿದ್ದರು. ಜೂನ್ ಹೊತ್ತಿಗೆ, ಇಲ್ಲ, ಇದೂ ಹೊಡೆದು ಹಾಕಿರುವ ಸಾಲು.

ನಮ್ಮಪ್ಪ ಒಂದು ದಿನ ಕೇಳಿದರು. "ಏನಮ್ಮಾ, ಆ ಹುಡುಗ ವಾರ ವಾರ ಅದೇ ಚಾಕು ತರ್ತಾನಲ್ಲ?"

"ಮೊಂಡು ಮಾಡ್ಬೇಕಂತೆ ಅಪ್ಪಾ."

"ಮೊಂಡು ಮಾಡೋಕೆ ಏನಿದೆ? ಅಂಚನ್ನ ನೆಟ್ಟಗೆ ಕಲ್ಲಿಗೆ ಒತ್ತಿದ್ರೆ ಎರಡು ನಿಮಿಷ. ಅವರಂಗಡಿಯಲ್ಲೇ ಅರ, ಉಪ್ಪುಕಾಗದ ಎಲ್ಲಾ ಇದೆ. ಅವನೇ ಉಜ್ಕೊಬೋದಲ್ಲ?"

ನಾನು ಸೈಕಲ್ ಚೈನಿಗೆ ಎಣ್ಣೆ ಹಾಕಲು ಎದ್ದೆ. ಸಭಿಕರೇ, ದಯವಿಟ್ಟು ನಗಬೇಡಿ. ಅಜ್ಜಿ, ನೀವಂತೂ ನಗಬೇಡಿ, ನನಗೆ ಸಾಲು ತಪ್ಪಿಹೋಗುತ್ತದೆ. ಅಪ್ಪಾ, ನಾನು ನಿಮ್ಮ ಕಡೆ ನೋಡುತ್ತಿಲ್ಲ.

ಇನ್ನು ಎರಡೇ ಹಾಳೆ.

ಬರುವ ಭಾನುವಾರ ಸ್ಪಂದನ ಅವರ ಸೀಮಂತ. ಬಳೆ, ಹೂವು, ಎಲ್ಲಾ ತಯಾರಿ ನಡೆದಿದೆ. ಕರೆಯುವವರ ಪಟ್ಟಿಯಲ್ಲಿ ಬ್ಯಾಡರಹಳ್ಳಿಯ ಹೆಸರಿಲ್ಲ ಎಂದು ಹೋದ ಗುರುವಾರ ಗೊತ್ತಾಯಿತು. ಜೀವನ್ ಹೇಳಿದರು, "ನೀನು ಸುಮ್ನಿರು. ನಾನೇ ಮಸೆದೆ ಅಂತ ಅಪ್ಪಂಗೆ ಹೇಳ್ಬಿಡ್ತೀನಿ. ನನಗೆ ಬೈದ್ರೆ ಬೈತಾರೆ. ಚಿಕ್ಕಪ್ಪ ಮನೆಗೆ ಬಂದಂಗಾಗತ್ತೆ, ನಿನ್ನ ಸೈಕಲ್ಲೂ ಉಳಿಯತ್ತೆ."

ನಾನು ಬೇಡ ಎಂದೆ.

"ಯಾಕೆ?"

"ನೀವು ಮಸೆದಿದ್ರೆ ಅಷ್ಟು ಚೆನ್ನಾಗಿ ಬರ್ತಿತ್ತಾ? ಯಾರೂ ನಂಬಲ್ಲ."

ಅವರು ಗೋಡೆ ಹಿಡಿದುಕೊಂಡು ನಕ್ಕರು. ನಾನೂ ನಕ್ಕೆ. ನಗುತ್ತಾ ಇದ್ದಾಗಲೇ ನನಗೆ ನಾಚಿಕೆಯಾಯಿತು. ಬ್ಯಾಡರಹಳ್ಳಿಯಲ್ಲಿ ಒಬ್ಬರು ಒಂಬತ್ತು ತಿಂಗಳಿಂದ ಅಪ್ಪನಾಣೆ ಹಾಕಿ ಕುಳಿತಿದ್ದಾರೆ. ನಾನು ಇಲ್ಲಿ ಎರಡು ನಿಮಿಷದ ಕೆಲಸವನ್ನು ಮೂವತ್ತೊಂದು ಗುರುವಾರ ಮಾಡುತ್ತಾ ನಗುತ್ತಿದ್ದೇನೆ. ಅವತ್ತು ಮನೆಗೆ ಬಂದು ಬರೆಯಲು ಕುಳಿತೆ. ಕಾಗದ ಬರೆದು ತಪ್ಪು ಒಪ್ಪಿಕೊಳ್ಳಬಹುದು, ಫೋನಿನಲ್ಲೂ ಒಪ್ಪಿಕೊಳ್ಳಬಹುದು. ಆದರೆ ಹೊನ್ನಗಂಗಯ್ಯನವರ ಮೇಲೆ ಮಾತು ಬಂದದ್ದು ಈ ಮಂಟಪದಲ್ಲಿ, ಇಷ್ಟೇ ಜನರ ಮುಂದೆ. ಅದನ್ನು ತೆಗೆಯುವುದೂ ಇಲ್ಲೇ ಆಗಬೇಕು ಎನಿಸಿತು. ನಾಲ್ಕು ಜನರ ಮುಂದೆ ಹೂವಿನವರ ಹತ್ತಿರ ಚೌಕಾಸಿ ಮಾಡಲೂ ನಾಚಿಕೊಳ್ಳುವವಳು ನಾನು. ಆದರೂ ನಿಂತಿದ್ದೇನೆ ನೋಡಿ.

ಅಧ್ಯಕ್ಷರೇ, ನಾನು ಎರಡು ವಿಷಯ ಕೇಳಬೇಕೆಂದಿದ್ದೆ. ಒಂದು, ಮನವಿಯಿಂದ ಆ ನಾಲ್ಕನೆಯ ಸಾಲು ತೆಗೆಯಿರಿ. ಮಿಕ್ಕ ಮೂರರ ಬಗ್ಗೆ ತಿಳಿದವರು ಯೋಚಿಸಲಿ, ಹದಿನೆಂಟು ತುಂಬದವರಿಗೆ ಮಾರಬಾರದು ಎನ್ನುವುದಕ್ಕೆ ನಾನೂ ಕೈ ಎತ್ತುತ್ತೇನೆ. ಆದರೆ ಉದ್ದ ಅಳೆದು ಏನು ಗೊತ್ತಾಗುತ್ತದೆ? ನಿಮ್ಮ ಮನೆಯ ಚಾಕು ಏಳು ಇಂಚು. ಒಂದು ದಿನದಲ್ಲಿ ಅದು ಒಂದು ಕೂದಲಿನಷ್ಟೂ ಉದ್ದವಾಗಲಿಲ್ಲ. ಆದರೂ ಇಷ್ಟೆಲ್ಲ ಆಯಿತು. ಎರಡು, ಭಾನುವಾರದೊಳಗೆ ಬ್ಯಾಡರಹಳ್ಳಿಗೆ ಒಂದು ಫೋನ್ ಮಾಡಿ. ಇಷ್ಟು ತಪ್ಪು ಮಾಡಿದವಳಿಗೆ ಎರಡು ಕೇಳುವ ಮುಖ ಇಲ್ಲದಿದ್ದರೆ, ಎರಡನೆಯದನ್ನು ಮಾತ್ರ ಕೇಳುತ್ತೇನೆ. ನಾಲ್ಕನೆಯ ಸಾಲು ಹಾಗೇ ಇರಲಿ. ನಾನು ಬೇರೆ ಏನಾದರೂ ಮಾಡಿಕೊಳ್ಳುತ್ತೇನೆ. ಕಥೆ ಬರೆಯುತ್ತೇನೆ, ಡಬ್ಬಿಗಳು ಬರುತ್ತವೆ.

ಬಯ್ಯುವುದಿದ್ದರೆ ಊಟ ಆದ ಮೇಲೆ ಬೈಯಿರಿ. ಈ ಸಲ ಹೋಳಿಗೆ ಬಿಟ್ಟು ಓಡುವುದಿಲ್ಲ.

ನನಗೆ ಮೈಕು ಕೊಟ್ಟ ಸಂಘಕ್ಕೆ, ಡಬ್ಬಿ ಕೊಟ್ಟ ಇನ್‌ಸ್ಪೆಕ್ಟರ್ ಸಾಹೇಬರಿಗೆ, ಇಷ್ಟು ಹೊತ್ತು ಹಸಿವು ತಡೆದುಕೊಂಡ ನಿಮಗೆಲ್ಲರಿಗೆ ವಂದನೆಗಳು. ಅಡುಗೆಯವರಿಗೂ ವಂದನೆ. ಮಧ್ಯಾಹ್ನ ಅವರ ಚಾಕುಗಳಿಗೆ ನಾನೇ ಸಾಣೆ ಹಿಡಿದದ್ದು, ಹುರುಳಿಕಾಯಿ ಪಲ್ಯ ಎಷ್ಟು ಸಣ್ಣಗಿದೆ ಎಂದು ದಯವಿಟ್ಟು ನೋಡಿ ಊಟ ಮಾಡಿ.

ಕೊನೆಯ ಹಾಳೆಯಲ್ಲಿ ಇವತ್ತು ಬರೆದ ಒಂದು ತುಣುಕು ಉಳಿದಿದೆ. ಇದನ್ನು ಹೊಡೆದು ಹಾಕಿಲ್ಲ.

ಹೋದ ಗುರುವಾರ ಆ ಚಾಕು ನನ್ನ ಹತ್ತಿರವೇ ಉಳಿದಿತ್ತು. ಇವತ್ತು ಬೆಳಿಗ್ಗೆ ಎದ್ದು ಅದರ ಅಂಚನ್ನು ನೆಟ್ಟಗೆ ಕಲ್ಲಿಗೆ ಒತ್ತಿದೆ. ಎರಡು ನಿಮಿಷ. ತುದಿಗೆ ಒಂದು ನಿಂಬೆಹಣ್ಣು ಚುಚ್ಚಿ ಮೂರು ಸಲ ಅಲ್ಲಾಡಿಸಿದೆ, ಹಣ್ಣು ಕದಲಲಿಲ್ಲ. ಅಧ್ಯಕ್ಷರ ಮನೆಯ ಗೇಟಿನ ಹತ್ತಿರ ಜೀವನ್ ಗಾಡಿ ಒರೆಸುತ್ತಿದ್ದರು. ಕೈ ಚಾಚಿದರು. ನಾನು ಕೈಗೆ ಕೊಡಲಿಲ್ಲ. ನಿಂಬೆಹಣ್ಣಿನ ಸಮೇತ ಕಾಂಪೌಂಡ್ ಗೋಡೆಯ ಮೇಲಿಟ್ಟು ಬಂದೆ.

ನಮಸ್ಕಾರ.